ಕ್ವಾಂಜಾ ಹಬ್ಬ: ಹುಟ್ಟಿದ ಕಥೆಯಿಂದ ಏಳನೇ ದಿನದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ 26ರ ಸಂಜೆ. ಅಮೆರಿಕದ ಯಾವುದೋ ಊರಿನಲ್ಲಿ ಒಂದು ಆಫ್ರಿಕನ್-ಅಮೆರಿಕನ್ ಮನೆಗೆ ನಿಮ್ಮನ್ನು ಕರೆದಿದ್ದಾರೆ ಅಂದುಕೊಳ್ಳಿ. ಬಾಗಿಲು ತೆಗೆದ ಅಜ್ಜಿ ನಗುತ್ತಾ "ಹಬರಿ ಗನಿ?" ಅನ್ನುತ್ತಾರೆ. ಕ್ಷೇಮ ವಿಚಾರಿಸುತ್ತಿದ್ದಾರೆ ಅಂತ ನಿಮಗೆ ಹೊಳೆಯುತ್ತದೆ. "ಚೆನ್ನಾಗಿದ್ದೀನಿ, ನೀವು?" ಅಂದುಬಿಡುತ್ತೀರಿ. ಯಾರೂ ಬೈಯುವುದಿಲ್ಲ. ಆದರೆ ಹಿಂದೆ ನಿಂತ ಮಕ್ಕಳು ಕಿಸಕ್ಕನೆ ನಗುತ್ತಾರೆ. ಆ ದಿನದ ಉತ್ತರ ಒಂದೇ ಒಂದು ಪದ: "ಉಮೋಜಾ!" ಒಗ್ಗಟ್ಟು ಅಂತ ಅರ್ಥ.

ಮರುದಿನ ಅದೇ ಪ್ರಶ್ನೆ, ಉತ್ತರ ಬೇರೆ. ಏಳು ದಿನಕ್ಕೆ ಏಳು ಉತ್ತರ. ಈ ಪ್ರಶ್ನೋತ್ತರ ಅರ್ಥವಾದರೆ ಕ್ವಾಂಜಾ, ಅಂದರೆ ಆಫ್ರಿಕನ್-ಅಮೆರಿಕನ್ನರ ಈ ಏಳು ದಿನದ ಹಬ್ಬ, ಅರ್ಧ ಅರ್ಥವಾದ ಹಾಗೆ.

"ಹಬರಿ ಗನಿ" ಸ್ವಾಹಿಲಿ ಭಾಷೆಯ ಮಾತು. "ಏನು ಸುದ್ದಿ?" ಅಂತ ಅರ್ಥ. ಹಬರಿ ಅಂದರೆ ನಮ್ಮ ಉತ್ತರ ಕರ್ನಾಟಕದವರು ದಿನಾ ಹೇಳುವ "ಖಬರು". ಎರಡೂ ಅರಬ್ಬಿಯಿಂದ ಬಂದ ಪದ. ಒಂದು ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಉಳಿಯಿತು, ಇನ್ನೊಂದು ಹುಬ್ಬಳ್ಳಿ, ಕಲಬುರಗಿ ಕಡೆ ಬಂತು. ಇಂಥವು ಇನ್ನೂ ಮೂರು ಸಿಗುತ್ತವೆ, ಮುಂದೆ ನೋಡೋಣ.

ಈ ಬರಹ ಎರಡು ಥರದ ಓದುಗರಿಗೆ. ಅಮೆರಿಕದಲ್ಲಿದ್ದು ಪಕ್ಕದ ಮನೆಯಿಂದಲೋ ಮಗುವಿನ ಶಾಲೆಯಿಂದಲೋ ಕರೆಯೋಲೆ ಬಂದವರು ಒಂದು ಥರ. ಕುತೂಹಲಕ್ಕೆ ತಿಳಿದುಕೊಳ್ಳಬೇಕು ಅನ್ನುವವರು ಇನ್ನೊಂದು. ಇಂಟರ್‌ನೆಟ್‌ನಲ್ಲಿ ಸಿಗುವ ಬಹಳ ಪಟ್ಟಿಗಳು ಯಾವ ಮೇಣದಬತ್ತಿ ಕೊಳ್ಳಬೇಕು, ಯಾವ ಚಾಪೆ ತರಬೇಕು ಅಂತ ಹೇಳಿ ನಿಲ್ಲುತ್ತವೆ. ಸಾಮಾನು ಇಲ್ಲೂ ಇದೆ. ಆದರೆ ಬತ್ತಿ ಹೊತ್ತಿಸಿದ ಮೇಲೆ ಮನೆಯವರು ಏನು ಮಾತಾಡುತ್ತಾರೆ ಅನ್ನುವುದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ.

ಹೆಜ್ಜೆ 1: ಮೊದಲು ಹುಟ್ಟಿದ ಕಥೆ

ಹಬ್ಬಗಳಿಗೆ ಸಾಮಾನ್ಯವಾಗಿ ಜನ್ಮದಿನ ಇರುವುದಿಲ್ಲ. ಮೊದಲ ಯುಗಾದಿ ಯಾವ ವರ್ಷ ಆಯಿತು ಅಂತ ಕೇಳಿದರೆ ಯಾರು ಹೇಳುತ್ತಾರೆ? ಕ್ವಾಂಜಾಗೆ ತಾರೀಕು ಇದೆ, ಊರು ಇದೆ, ಶುರುಮಾಡಿದವರ ಹೆಸರೂ ಇದೆ. 1966ರ ಡಿಸೆಂಬರ್ 26, ಲಾಸ್ ಏಂಜಲೀಸ್, ಮೌಲಾನಾ ಕರೆಂಗಾ.

ಅದಕ್ಕೂ ಒಂದು ವರ್ಷ ಹಿಂದೆ ಆ ಊರು ಹೊತ್ತಿ ಉರಿದಿತ್ತು. 1965ರ ಆಗಸ್ಟ್ 11ರಂದು ವಾಟ್ಸ್ ಎಂಬ ಬಡಾವಣೆಯ ಹತ್ತಿರ ಪೊಲೀಸರು ಒಬ್ಬ ಕಪ್ಪು ಯುವಕನ ಕಾರು ತಡೆದರು. ಮಾತಿಗೆ ಮಾತು ಬೆಳೆಯಿತು, ಜನ ಸೇರಿದರು. ವರ್ಷಗಟ್ಟಲೆ ಒಳಗೇ ಕುದಿಯುತ್ತಿದ್ದ ಸಿಟ್ಟು ಹೊರಗೆ ಬಂತು. ಆರು ದಿನದ ಗಲಭೆಯಲ್ಲಿ 34 ಜನ ಸತ್ತರು. ಅದೇ ವರ್ಷ ಫೆಬ್ರವರಿಯಲ್ಲಿ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಕೊಲೆಯಾಗಿತ್ತು. ಕಾನೂನು ಬದಲಾದರೆ ಸಾಕಾಗುವುದಿಲ್ಲ, ನಮ್ಮ ಜನಕ್ಕೆ ನಮ್ಮದೇ ಸಂಸ್ಕೃತಿ ಬೇಕು ಅಂತ ವಾದಿಸುತ್ತಿದ್ದ ಯುವಕರಲ್ಲಿ ಕರೆಂಗಾ ಒಬ್ಬರು. ಹಬ್ಬ ಶುರುಮಾಡಿದಾಗ ಅವರ ವಯಸ್ಸು 25.

ಅವರ ಹುಟ್ಟುಹೆಸರು ರೊನಾಲ್ಡ್ ಎವರೆಟ್. ಮೇರಿಲ್ಯಾಂಡ್ ರಾಜ್ಯದವರು. ಕರೆಂಗಾ ಅಂದರೆ ಪರಂಪರೆ ಕಾಯುವವನು ಅಂತ. ಮೌಲಾನಾ ಅಂದ ತಕ್ಷಣ ನಮಗೆ ಮಸೀದಿ ನೆನಪಾಗುತ್ತದೆ. ಇಲ್ಲಿ ಅದು ಗುರು ಅನ್ನುವ ಅರ್ಥದ ಬಿರುದು, ಅಷ್ಟೇ.

ಅವರು ಆಫ್ರಿಕಾದ ಸುಗ್ಗಿ ಹಬ್ಬಗಳನ್ನು ನೋಡಿದರು. ದಕ್ಷಿಣ ಆಫ್ರಿಕಾದ ಜುಲು ಜನ, ಪಕ್ಕದ ಸ್ವಾಜಿ ಜನ ಡಿಸೆಂಬರ್ ಸುಮಾರಿಗೆ ಮೊದಲ ಫಸಲಿನ ಹಬ್ಬ ಮಾಡುತ್ತಾರೆ. ನಮ್ಮ ಕೊಡಗಿನ ಪುತ್ತರಿ, ಮಂಗಳೂರು ಕಡೆಯ ಕ್ರೈಸ್ತರ ಮೋಂತಿ ಹಬ್ಬ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ತೆನೆ ಮನೆಗೆ ಬರುವ ಸಂಭ್ರಮ ಎಲ್ಲಾ ಕಡೆ ಒಂದೇ. ಸ್ವಾಹಿಲಿಯಲ್ಲಿ "ಮತುಂದಾ ಯಾ ಕ್ವಾಂಜಾ" ಅಂದರೆ ಮೊದಲ ಫಲಗಳು. ಹೆಸರು ಅಲ್ಲಿಂದಲೇ ಬಂತು.

ಅಮೆರಿಕದ ದಕ್ಷಿಣದಲ್ಲಿ ಗುಲಾಮರಾಗಿ ಹತ್ತಿ, ಭತ್ತ, ತಂಬಾಕು ಬೆಳೆದವರು ಕಪ್ಪು ಅಮೆರಿಕನ್ನರ ಅಜ್ಜ ಮುತ್ತಜ್ಜಂದಿರೇ. ಮೊದಲ ತೆನೆ ಮಾತ್ರ ಅವರದ್ದಾಗಿರಲಿಲ್ಲ. ಈ ಒಂದು ವಿಷಯ ಮನಸ್ಸಲ್ಲಿಟ್ಟುಕೊಂಡರೆ, ಲಾಸ್ ಏಂಜಲೀಸ್‌ನಂಥ ಪಟ್ಟಣದವರಿಗೆ ಸುಗ್ಗಿ ಹಬ್ಬ ಯಾಕೆ ಬೇಕಾಯಿತು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಸ್ವಾಹಿಲಿಯಲ್ಲಿ ಕ್ವಾಂಜಾ ಪದದ ಕೊನೆಗೆ ಒಂದೇ "ಎ" ಅಕ್ಷರ. ಹಬ್ಬದ ಹೆಸರಿನಲ್ಲಿ ಎರಡು. ಶುರುವಿನ ಒಂದು ಆಚರಣೆಯಲ್ಲಿ ಏಳು ಮಕ್ಕಳಿದ್ದರು, ಒಬ್ಬೊಬ್ಬರಿಗೂ ಒಂದೊಂದು ಅಕ್ಷರ ಬೇಕಾಗಿತ್ತು, ಅದಕ್ಕೆ ಒಂದು ಸೇರಿಸಿದರು ಅಂತ ಕಥೆ ಹೇಳುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಎಣಿಸಿದರೆ ಏಳು ಸರಿಯಾಗಿ ಸಿಗುತ್ತದೆ. ಕನ್ನಡದಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ, ಏನು ಮಾಡುವುದು!

ಇನ್ನು ಸ್ವಲ್ಪ ಕಹಿ ಮಾತು. ಕರೆಂಗಾ ಅವರ ಸಂಘಟನೆಗೂ ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲಾಕ್ ಪ್ಯಾಂಥರ್ ಪಕ್ಷಕ್ಕೂ ವೈರ ಇತ್ತು, ಎಫ್‌ಬಿಐ ಅದಕ್ಕೆ ತುಪ್ಪ ಸುರಿಯಿತು. 1969ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಇಬ್ಬರು ಪ್ಯಾಂಥರ್ ನಾಯಕರು ಗುಂಡಿಗೆ ಬಲಿಯಾದರು. 1971ರಲ್ಲಿ ಇಬ್ಬರು ಮಹಿಳೆಯರ ಮೇಲೆ ಹಲ್ಲೆ ಮಾಡಿ ಕೂಡಿಹಾಕಿದ ಪ್ರಕರಣದಲ್ಲಿ ಕರೆಂಗಾಗೆ ಶಿಕ್ಷೆಯಾಯಿತು. ಅವರು ಆರೋಪ ಒಪ್ಪಲಿಲ್ಲ. 1975ರಲ್ಲಿ ಹೊರಬಂದರು, ಮುಂದೆ ಲಾಂಗ್ ಬೀಚ್‌ನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಈ ಕಾರಣಕ್ಕೇ ಹಬ್ಬದಿಂದ ದೂರ ಇರುವ ಕಪ್ಪು ಅಮೆರಿಕನ್ನರೂ ಇದ್ದಾರೆ. ಹಬ್ಬ ಈಗ ಆಚರಿಸುವವರದ್ದು, ಶುರುಮಾಡಿದವರದ್ದಲ್ಲ ಅನ್ನುವವರೂ ಇದ್ದಾರೆ. ನನಗೆ ಎರಡನೆಯ ಮಾತು ಸರಿ ಅನ್ನಿಸುತ್ತದೆ. ಆದರೆ ಅತಿಥಿಯಾಗಿ ಹೋದವರು ಈ ಚರ್ಚೆ ತೆಗೆಯುವುದು ಬೇಡ. ಮನೆಯವರೇ ತೆಗೆದರೆ ಕೇಳಿಸಿಕೊಳ್ಳಿ.

ಕವಿ ಅಮಿರಿ ಬರಾಕಾ ಮತ್ತು ಅವರ ಗೆಳೆಯರು ನ್ಯೂಜೆರ್ಸಿ ರಾಜ್ಯದ ನ್ಯೂಆರ್ಕ್ ಊರಿನಲ್ಲಿ ಹಬ್ಬ ಹರಡಿದರು. ಹೀಗೆ ಊರೂರಿಗೆ ದಾಟಿತು. 1997ರಲ್ಲಿ ಅಮೆರಿಕದ ಅಂಚೆ ಇಲಾಖೆ ಮೊದಲ ಕ್ವಾಂಜಾ ಅಂಚೆಚೀಟಿ ತಂದಿತು, ಚಿತ್ರ ಬರೆದವರು ಸಿಂಥಿಯಾ ಸೇಂಟ್ ಜೇಮ್ಸ್. ಒಂದು ಹಬ್ಬ ಮನೆಯೊಳಗಿಂದ ಅಂಚೆಪೆಟ್ಟಿಗೆವರೆಗೆ ಬರಲು 31 ವರ್ಷ ಹಿಡಿಯಿತು.

ಹೆಜ್ಜೆ 2: ಮೇಜು ಸಿದ್ಧಮಾಡಿ

ಏಳು ವಸ್ತು ಬೇಕು. ಯಾವುದೂ ದುಬಾರಿಯದ್ದಾಗಬೇಕಿಲ್ಲ. ಇಡುವ ಕ್ರಮ ಮಾತ್ರ ಮುಖ್ಯ, ಯಾಕೆಂದರೆ ಒಂದರ ಮೇಲೆ ಒಂದು ಕೂರುತ್ತದೆ.

ಮೊದಲು ಮ್ಕೆಕಾ, ಅಂದರೆ ಚಾಪೆ. ಹುಲ್ಲಿನದ್ದೋ ಬಟ್ಟೆಯದ್ದೋ ಇರಲಿ. ಮಿಕ್ಕಿದ್ದೆಲ್ಲಾ ಇದರ ಮೇಲೆ ಕೂರುತ್ತದೆ. ಪರಂಪರೆ ಅಡಿಪಾಯ ಅನ್ನುವುದು ಇದರ ಅರ್ಥ, ಅದಕ್ಕೇ ಮೇಜಿಗೆ ಮೊದಲು ಇದೇ ಬರಬೇಕು.

ಚಾಪೆಯ ನಡುವೆ ಕಿನಾರಾ. ಏಳು ಮೇಣದಬತ್ತಿ ಹಿಡಿಯುವ ಸ್ಟ್ಯಾಂಡು. ಅಂಗಡಿಯದ್ದೇ ಆಗಬೇಕಿಲ್ಲ. ಒಂದು ಮರದ ತುಂಡಿಗೆ ಏಳು ತೂತು ಕೊರೆದರೂ ಆಯಿತು. ಯಹೂದಿಗಳ ಹನುಕಾ ಹಬ್ಬದ ದೀಪಸ್ತಂಭದಲ್ಲಿ ಒಂಬತ್ತು ಬತ್ತಿ ಇರುತ್ತವೆ. ಅದನ್ನು ತಂದು ಇಡಬೇಡಿ. ಬೇರೆ ಹಬ್ಬ, ಬೇರೆ ಜನ.

ಕಿನಾರಾದಲ್ಲಿ ಮಿಶುಮಾ ಸಾಬಾ, ಏಳು ಮೇಣದಬತ್ತಿ. ನಡುವೆ ಒಂದು ಕಪ್ಪು, ಎಡಕ್ಕೆ ಮೂರು ಕೆಂಪು, ಬಲಕ್ಕೆ ಮೂರು ಹಸಿರು. ಕಪ್ಪು ಜನಕ್ಕೆ, ಕೆಂಪು ಹೋರಾಟಕ್ಕೆ, ಹಸಿರು ನಾಳೆಯ ಭರವಸೆಗೆ. ಈ ಮೂರು ಬಣ್ಣ ಹಳೆಯವು. ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆ ಅವರ ಸಂಘ 1920ರಲ್ಲೇ ಇದೇ ಬಣ್ಣದ ಬಾವುಟ ಒಪ್ಪಿಕೊಂಡಿತ್ತು. ಎಷ್ಟೋ ಮನೆಗಳಲ್ಲಿ ಆ ಬಾವುಟವನ್ನೂ ಮೇಜಿನ ಹಿಂದೆ ಹಾಕಿರುತ್ತಾರೆ.

ಒಂದು ಬುಟ್ಟಿಯಲ್ಲಿ ಮಜಾವೊ, ಅಂದರೆ ಹಣ್ಣು ತರಕಾರಿ. ಪಕ್ಕದಲ್ಲಿ ಮುಹಿಂದಿ, ಮೆಕ್ಕೆಜೋಳದ ತೆನೆ. ಮನೆಯಲ್ಲಿ ಎಷ್ಟು ಮಕ್ಕಳೋ ಅಷ್ಟು ತೆನೆ. ಮಕ್ಕಳಿಲ್ಲದ ಮನೆಯಲ್ಲೂ ಕನಿಷ್ಠ ಒಂದು ಇಡುತ್ತಾರೆ, ಊರ ಮಕ್ಕಳೆಲ್ಲಾ ನಮ್ಮವರೇ ಅನ್ನುವ ಲೆಕ್ಕದಲ್ಲಿ.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ಸ್ವಾಹಿಲಿಯಲ್ಲಿ ಮುಹಿಂದಿ ಅಂದರೆ ಮೆಕ್ಕೆಜೋಳದ ಗಿಡ. ಭಾರತದ ಮನುಷ್ಯನಿಗೂ ಹೆಚ್ಚುಕಡಿಮೆ ಅದೇ ಪದ! ಹಿಂದ್ ದೇಶದಿಂದ ಬಂದ ಧಾನ್ಯ ಅಂತ ಆ ಕರಾವಳಿಯವರು ಅಂದುಕೊಂಡಿದ್ದರು. ನಿಜಕ್ಕೂ ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ. ಅಲ್ಲಿಂದ ಆಫ್ರಿಕಾಗೆ ಹೋಗಿ, ಹಬ್ಬದ ಹೆಸರಲ್ಲಿ ಮತ್ತೆ ಅಮೆರಿಕದ ಮೇಜಿಗೇ ಬಂದು ಕೂತಿದೆ. ನೀವು ಅತಿಥಿಯಾಗಿ ಹೋದರೆ ಮೇಜಿನ ಮೇಲೊಬ್ಬ ಮುಹಿಂದಿ, ಮೇಜಿನ ಮುಂದೊಬ್ಬ ಮುಹಿಂದಿ.

ಉಳಿದದ್ದು ಎರಡು. ಕಿಕೊಂಬೆ ಚಾ ಉಮೋಜಾ, ಎಲ್ಲರೂ ಕೂಡಿ ಬಳಸುವ ಒಗ್ಗಟ್ಟಿನ ಬಟ್ಟಲು. ಮತ್ತು ಜವಾದಿ, ಉಡುಗೊರೆ.

ಹೆಜ್ಜೆ 3: ಬತ್ತಿ ಹೊತ್ತಿಸುವ ಕ್ರಮ

ಮೊದಲ ದಿನ ನಡುವಿನ ಕಪ್ಪು ಬತ್ತಿ ಮಾತ್ರ. ಎರಡನೇ ದಿನ ಕಪ್ಪು ಹೊತ್ತಿಸಿ, ಆಮೇಲೆ ಎಡಗಡೆಯ ಒಂದು ಕೆಂಪು. ಮೂರನೇ ದಿನ ಕಪ್ಪು, ಕೆಂಪು, ಜತೆಗೆ ಬಲಗಡೆಯ ಒಂದು ಹಸಿರು. ಹೀಗೆ ಒಂದು ಎಡ, ಒಂದು ಬಲ. ಏಳನೇ ದಿನ ಏಳೂ ಉರಿಯುತ್ತವೆ. ಕೆಲವು ಮನೆಗಳಲ್ಲಿ ಮೊದಲು ಮೂರೂ ಕೆಂಪು, ಆಮೇಲೆ ಮೂರೂ ಹಸಿರು. ಆಯಾ ಮನೆಯ ರೂಢಿ. ನಿಮ್ಮ ಪಟ್ಟಿ ತೆಗೆದು ತಿದ್ದಲು ಹೋಗಬೇಡಿ.

ಮೊದಲು ಕಪ್ಪು ಯಾಕೆ? ಮೊದಲು ಜನ, ಆಮೇಲೆ ಹೋರಾಟ, ಹೋರಾಟದಿಂದ ಭರವಸೆ. ಬಣ್ಣದಲ್ಲೇ ಒಂದು ವಾಕ್ಯ ಬರೆದ ಹಾಗಿದೆ.

ಒಂದು ಪ್ರಾಯೋಗಿಕ ಮಾತು. ಕಪ್ಪು ಬತ್ತಿ ಏಳು ಸಂಜೆ ಉರಿಯಬೇಕು, ಕೊನೆಯ ಹಸಿರು ಒಂದೇ ಸಂಜೆ. ಎಲ್ಲಾ ಒಂದೇ ಅಳತೆಯದ್ದು ತಂದು ರಾತ್ರಿಯಿಡೀ ಉರಿಸಿದರೆ ನಾಲ್ಕನೇ ದಿನಕ್ಕೆ ಕಪ್ಪು ಮುಗಿದಿರುತ್ತದೆ. ಮಾತುಕತೆ ಮುಗಿಯುವವರೆಗೆ ಉರಿಸಿ, ಆರಿಸಿಬಿಡಿ. ಕಪ್ಪು ಬತ್ತಿಯದ್ದು ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಹೊತ್ತಿಸುವ ಕೆಲಸ ಮಕ್ಕಳಿಗೆ ಕೊಡುವುದು ವಾಡಿಕೆ. ಪಕ್ಕದಲ್ಲಿ ದೊಡ್ಡವರು ನಿಂತಿರಲಿ, ಒಣಗಿದ ಜೋಳದ ಸಿಪ್ಪೆ ಬತ್ತಿಯಿಂದ ದೂರ ಇರಲಿ.

ಹೆಜ್ಜೆ 4: ಒಂದು ಸಂಜೆ ಹೇಗೆ ಸಾಗುತ್ತದೆ

ಎಲ್ಲರೂ ಮೇಜಿನ ಸುತ್ತ ಸೇರುತ್ತಾರೆ. ಹಿರಿಯರೊಬ್ಬರು "ಹಬರಿ ಗನಿ?" ಕೇಳುತ್ತಾರೆ, ಎಲ್ಲರೂ ಆ ದಿನದ ಪದ ಕೂಗುತ್ತಾರೆ. ನಂತರ ತಂಬಿಕೊ. ಬಟ್ಟಲಿನ ನೀರನ್ನು ಒಂದು ಪಾತ್ರೆಗೋ ಗಿಡದ ಬುಡಕ್ಕೋ ಸ್ವಲ್ಪ ಸ್ವಲ್ಪ ಬಿಡುತ್ತಾ ಹಿರಿಯರು ತೀರಿಹೋದವರ ಹೆಸರು ಹೇಳುತ್ತಾರೆ. ಅಜ್ಜಿ, ಮುತ್ತಜ್ಜ, ಜತೆಗೆ ಗುಲಾಮರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್, ಮಾರ್ಟಿನ್ ಲೂಥರ್ ಕಿಂಗ್. ಒಂದೊಂದು ಹೆಸರಿಗೂ ಸೇರಿದವರು "ಆಶೇ" ಅನ್ನುತ್ತಾರೆ. ಇದು ನಮ್ಮ ಆಶೆ ಅಲ್ಲ. ಪಶ್ಚಿಮ ಆಫ್ರಿಕಾದ ಯೊರುಬಾ ಮಾತು, ಹಾಗೇ ಆಗಲಿ ಅನ್ನುವ ಅರ್ಥದ್ದು. ಎಳ್ಳು ನೀರು ಬಿಡುವುದನ್ನು ನೋಡಿ ಬೆಳೆದವರಿಗೆ ಈ ಗಳಿಗೆ ಹೊಸದು ಅನ್ನಿಸುವುದೇ ಇಲ್ಲ.

ಹೆಸರು ಗೊತ್ತಿಲ್ಲದ ಹಿರಿಯರಿಗೂ ನೀರು ಬಿಡುತ್ತಾರೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗುಲಾಮರಾಗಿದ್ದವರ ಹೆಸರು ಲೆಕ್ಕದ ಪುಸ್ತಕದಲ್ಲಿ ಎಷ್ಟೋ ಕಡೆ ಇಲ್ಲ. ವಯಸ್ಸು, ಗಂಡೋ ಹೆಣ್ಣೋ ಅಂತ ಮಾತ್ರ ಬರೆದಿರುತ್ತದೆ. ಮೂರು ತಲೆಮಾರು ಹಿಂದೆ ಹೋದರೆ ಹೆಸರೇ ಸಿಗದ ಮನೆಯಲ್ಲಿ ಈ ಮೌನ ಬಹಳ ಭಾರವಾಗಿರುತ್ತದೆ.

ಆಮೇಲೆ ಬಟ್ಟಲು ಕೈಯಿಂದ ಕೈಗೆ ಬರುತ್ತದೆ. ಎಂಜಲು ಅಂತ ಹಿಂಜರಿಯುವವರು ಗಾಬರಿ ಆಗಬೇಡಿ. ತುಟಿಯ ಹತ್ತಿರ ತಂದು ಕುಡಿದ ಹಾಗೆ ಮಾಡಿ ಮುಂದಕ್ಕೆ ಕೊಟ್ಟರೂ ನಡೆಯುತ್ತದೆ. ಈಗ ಬಹಳ ಮನೆಗಳಲ್ಲಿ ಸಣ್ಣ ಲೋಟಗಳಲ್ಲಿ ಹಂಚುತ್ತಾರೆ.

ಬತ್ತಿ ಹೊತ್ತಿಸುತ್ತಾರೆ. ಹೊತ್ತಿಸಿದವರು ಆ ದಿನದ ತತ್ವ ತಮಗೆ ಏನು ಅಂತ ಹೇಳುತ್ತಾರೆ. ಉಳಿದವರು ಸೇರಿಸುತ್ತಾರೆ. ಕೊನೆಗೆ "ಹರಂಬೇ!" ಅಂತ ಏಳು ಸಲ ಕೂಗು. ಎಲ್ಲರೂ ಸೇರಿ ಎಳೆಯೋಣ ಅಂತ ಅರ್ಥ. ತೇರು ಎಳೆಯುವಾಗಿನ ಕೂಗು ನೆನಪಿಸಿಕೊಳ್ಳಿ. ಏಳನೆಯದನ್ನು ಉದ್ದಕ್ಕೆ ಎಳೆಯುತ್ತಾರೆ.

ಹೆಜ್ಜೆ 5: ಏಳು ದಿನ, ಏಳು ಪದ

ಇವಕ್ಕೆ ಒಟ್ಟಾಗಿ ನ್ಗುಜೊ ಸಾಬಾ, ಏಳು ತತ್ವ ಅಂತ ಹೆಸರು.

ಡಿಸೆಂಬರ್ 26, ಉಮೋಜಾ: ಒಗ್ಗಟ್ಟು. ಮನೆ, ಕೇರಿ, ಜನ ಒಂದಾಗಿರುವುದು. ಮಾತು ಮುರಿದುಕೊಂಡ ನೆಂಟರಿಗೆ ಫೋನ್ ಮಾಡುವ ದಿನ ಅಂತ ಇಟ್ಟುಕೊಂಡವರಿದ್ದಾರೆ. ಏಳರಲ್ಲಿ ಹೇಳಲು ಸುಲಭ, ಮಾಡಲು ಕಷ್ಟ ಇದೇ ಇರಬೇಕು.

ಡಿಸೆಂಬರ್ 27, ಕುಜಿಚಗುಲಿಯಾ: ನಮ್ಮ ದಾರಿ ನಾವೇ ಆರಿಸಿಕೊಳ್ಳುವುದು. ನಾಲಿಗೆ ತಿರುಗುವುದಿಲ್ಲ ಅಂತ ಸುಮ್ನೆ ಇರಬೇಡಿ, ಕು-ಜಿ-ಚ-ಗು-ಲಿ-ಯಾ ಅಂತ ಬಿಡಿಸಿ ಎರಡು ಸಲ ಹೇಳಿಕೊಂಡು ಹೋಗಿ. ನಮ್ಮನ್ನು ನಾವೇ ಹೆಸರಿಸಿಕೊಳ್ಳುತ್ತೇವೆ, ನಮ್ಮ ಪರವಾಗಿ ನಾವೇ ಮಾತಾಡುತ್ತೇವೆ ಅನ್ನುವುದು ಇದರ ತಿರುಳು. ಹೆಸರಿನ ಮಾತು ಸುಮ್ನೆ ಬಂದದ್ದಲ್ಲ. ಗುಲಾಮರಿಗೆ ಯಜಮಾನನ ಮನೆತನದ ಹೆಸರು ಅಂಟುತ್ತಿತ್ತು. ಫ್ರೆಡರಿಕ್ ಬೈಲಿ 1838ರಲ್ಲಿ ತಪ್ಪಿಸಿಕೊಂಡು ಬಂದ ಮೇಲೆ ಡಗ್ಲಸ್ ಅಂತ ಹೆಸರಿಟ್ಟುಕೊಂಡರು. ಮಾಲ್ಕಮ್ ಲಿಟಲ್ ತನ್ನ ಕಳೆದುಹೋದ ಆಫ್ರಿಕನ್ ಹೆಸರಿನ ಜಾಗದಲ್ಲಿ ಎಕ್ಸ್ ಅಂತ ಹಾಕಿಕೊಂಡರು. ಈ ಸಂಜೆ ಮಕ್ಕಳಿಗೆ ಅವರವರ ಹೆಸರಿನ ಕಥೆ ಹೇಳುವುದು ಒಳ್ಳೆಯ ದಾರಿ. ಯಾರು ಇಟ್ಟರು, ಯಾಕೆ ಇಟ್ಟರು, ಯಾರ ನೆನಪಿಗೆ.

ಡಿಸೆಂಬರ್ 28, ಉಜಿಮಾ: ಕೂಡಿ ಮಾಡುವ ಕೆಲಸ, ಕೂಡಿ ಹೊರುವ ಹೊಣೆ. ನಮ್ಮ ಹಳ್ಳಿಯ ಮುಯ್ಯಾಳು ಪದ್ಧತಿ ಇದಕ್ಕೆ ಹತ್ತಿರ. ಹೆಚ್ಚು ವಿವರಣೆ ಬೇಡ. ಹೋಗಿ ಯಾರದ್ದಾದರೂ ಕೆಲಸಕ್ಕೆ ಕೈ ಜೋಡಿಸಿ, ಮುಗಿಯಿತು.

ಡಿಸೆಂಬರ್ 29, ಉಜಾಮಾ: ಕೂಡಿ ಬಾಳುವ ಆರ್ಥಿಕತೆ. ನಾವು ಜನ ಜಮಾಯಿಸಿದರು ಅನ್ನುತ್ತೇವಲ್ಲ, ಆ ಜಮಾ ಮತ್ತು ಈ ಜಾಮಾ ಒಂದೇ ಬೇರಿನವು. ಟಾಂಜಾನಿಯಾದ ಅಧ್ಯಕ್ಷರಾಗಿದ್ದ ಜೂಲಿಯಸ್ ನೈರೆರೆ ಇದೇ ಪದವನ್ನು ತಮ್ಮ ಸಮಾಜವಾದಕ್ಕೆ ಬಳಸಿದರು. ಕ್ವಾಂಜಾದಲ್ಲಿ ಇದರ ಅರ್ಥ ನೇರ: ನಮ್ಮವರ ಅಂಗಡಿ ಕಟ್ಟೋಣ, ನಮ್ಮವರ ಅಂಗಡಿಯಲ್ಲಿ ಕೊಳ್ಳೋಣ. ಹೊರಗಿನವರಿಗೆ ಇದು ಸ್ವಲ್ಪ ಸಂಕುಚಿತ ಅನ್ನಿಸಬಹುದು. ಅನ್ನಿಸಿದರೆ ಒಕ್ಲಹೋಮಾ ರಾಜ್ಯದ ಟಲ್ಸಾ ಊರಿನ ಗ್ರೀನ್‌ವುಡ್ ಬಡಾವಣೆಯ ಬಗ್ಗೆ ತಿಳಿದುಕೊಳ್ಳಿ. ಕಪ್ಪು ಜನ ಸ್ವಂತ ದುಡಿಮೆಯಿಂದ ಅಂಗಡಿ, ಹೋಟೆಲು, ಥಿಯೇಟರು, ಆಸ್ಪತ್ರೆ ಕಟ್ಟಿಕೊಂಡಿದ್ದ ಜಾಗ. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಸುಮಾರು 35 ಬ್ಲಾಕುಗಳನ್ನು ಸುಟ್ಟುಹಾಕಿತು. ಇದನ್ನು ಓದಿದ ಮೇಲೆ ಅಂಗಡಿ ಅನ್ನುವ ಪದದ ತೂಕವೇ ಬೇರೆ. ಆ ದಿನ ಒಂದು ಕಪ್ಪು ವ್ಯಾಪಾರಿಯ ಹತ್ತಿರ ಪುಸ್ತಕವೋ ಸೋಪೋ ಊಟವೋ ಕೊಂಡರೆ ತತ್ವ ಪಾಲಿಸಿದ ಹಾಗೆ. ಹೊರಗಿನವರೂ ಸಂಕೋಚವಿಲ್ಲದೆ ಮಾಡಬಹುದಾದ ಕೆಲಸ ಇದು.

ಡಿಸೆಂಬರ್ 30, ನಿಯಾ: ಗುರಿ, ಉದ್ದೇಶ. ಇದು ನಮ್ಮ ನಿಯತ್ತಿನ ಅಣ್ಣತಮ್ಮ. ನಿಯತ್ತಿನ ಮನುಷ್ಯ ಅನ್ನುವಾಗ ನಾವು ಪ್ರಾಮಾಣಿಕತೆಗೆ ಬಳಸುತ್ತೇವೆ, ಅರಬ್ಬಿಯಲ್ಲಿ ಮೂಲ ಅರ್ಥ ಸಂಕಲ್ಪ. ಸ್ವಾಹಿಲಿ ಮೂಲಕ್ಕೆ ಹತ್ತಿರ ಉಳಿದಿದೆ.

ಡಿಸೆಂಬರ್ 31, ಕುಉಂಬಾ: ಸೃಷ್ಟಿ. ನಮಗೆ ಸಿಕ್ಕಿದ್ದಕ್ಕಿಂತ ಚೆನ್ನಾಗಿ ಮಾಡಿ ಮುಂದಿನವರಿಗೆ ಬಿಟ್ಟುಹೋಗುವುದು. ಹಾಡು, ಕುಣಿತ, ಡ್ರಮ್ಮು, ಕವಿತೆ ಎಲ್ಲಾ ಇವತ್ತೇ. ದೊಡ್ಡ ಊಟವೂ ಇವತ್ತೇ.

ಜನವರಿ 1, ಇಮಾನಿ: ನಂಬಿಕೆ. ಬೇಇಮಾನಿ ಅಂತ ಬೈಯುತ್ತೇವಲ್ಲ, ಅದರೊಳಗಿನ ಇಮಾನು. ಇಲ್ಲಿ ನಂಬಿಕೆ ಅಂದರೆ ನಮ್ಮ ಜನದ ಮೇಲೆ, ತಂದೆತಾಯಿ ಮೇಲೆ, ಗುರುಗಳ ಮೇಲೆ, ಹೋರಾಟ ಗೆಲ್ಲುತ್ತದೆ ಅನ್ನುವುದರ ಮೇಲೆ.

ಹೆಜ್ಜೆ 6: ಕರಾಮು, ಅಂದರೆ ಹಬ್ಬದೂಟ

ಕರಾಮು ಡಿಸೆಂಬರ್ 31ರ ರಾತ್ರಿ. ಸ್ವಾಗತ, ಹಿರಿಯರ ನೆನಪು, ಕಳೆದ ವರ್ಷದ ಲೆಕ್ಕ, ಮುಂದಿನ ವರ್ಷದ ಮಾತು, ಆಮೇಲೆ ಸಂಭ್ರಮ. ಊಟಕ್ಕೆ ಒಂದೊಂದು ಮನೆಯವರು ಒಂದೊಂದು ತರುತ್ತಾರೆ. ಪಶ್ಚಿಮ ಆಫ್ರಿಕಾದ ಜೊಲಾಫ್ ಅನ್ನ, ಕಡಲೆಕಾಯಿ ಹಾಕಿದ ಸಾರು, ಬೆಂಡೆಕಾಯಿಯ ಗಂಬೊ, ಕಾಲರ್ಡ್ ಸೊಪ್ಪು, ಸಿಹಿಗೆಣಸು, ಮೆಕ್ಕೆಜೋಳದ ಬ್ರೆಡ್ಡು.

ಸಸ್ಯಾಹಾರಿಗಳು ಒಂದು ಮಾತು ಕೇಳಿ. ಸೊಪ್ಪಿನ ಪಲ್ಯ ಅಂತ ಖುಷಿಯಾಗಿ ಬಡಿಸಿಕೊಳ್ಳಬೇಡಿ. ಕಾಲರ್ಡ್ ಸೊಪ್ಪನ್ನು ಹೊಗೆಯಾಡಿಸಿದ ಹಂದಿಮಾಂಸವೋ ಟರ್ಕಿಮಾಂಸವೋ ಹಾಕಿ ಬೇಯಿಸುವುದು ಸಾಮಾನ್ಯ. ಕಾಳಿಗೂ ಹಾಗೇ. ಮೊದಲೇ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೂ ಸುಲಭ ಅಂದರೆ ನೀವೇ ಒಂದು ಪಾತ್ರೆ ತೆಗೆದುಕೊಂಡು ಹೋಗಿ.

ಏನು ಮಾಡುವುದು? ಅಲಸಂದೆ ಅನ್ನ ಮಾಡಿ. ಅಮೆರಿಕದ ದಕ್ಷಿಣದವರು ಹೊಸವರ್ಷದ ದಿನ ತಿನ್ನುವ ಹಾಪಿನ್ ಜಾನ್ ಇದೇ. ಅಲಸಂದೆಯೂ ಬೆಂಡೆಯೂ ಆಫ್ರಿಕಾದ ಬೆಳೆಗಳು. ನಮ್ಮ ರಾಗಿಯ ತವರೂ ಅಲ್ಲೇ. ಅಮೆರಿಕಕ್ಕೆ ಅಲಸಂದೆ ಹೋದದ್ದು ಗುಲಾಮರ ಹಡಗುಗಳ ಕಾಲದಲ್ಲಿ.

ಒಂದು ಕಪ್ ಅಲಸಂದೆ ಕಾಳನ್ನು ಆರು ಗಂಟೆ ನೆನೆಸಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ. ಒಂದು ದೊಡ್ಡ ಈರುಳ್ಳಿ, ಒಂದು ದಪ್ಪ ಮೆಣಸಿನಕಾಯಿ, ಒಂದು ಸೆಲರಿ ದಂಟು, ನಾಲ್ಕು ಎಸಳು ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಬಾಡಿಸಿ. ಒಂದು ಚಮಚ ಹೊಗೆಯಾಡಿಸಿದ ಪ್ಯಾಪ್ರಿಕಾ ಪುಡಿ ಹಾಕಿ. ಮಾಂಸ ಇಲ್ಲದೆ ಆ ಹೊಗೆಯ ರುಚಿ ಬರುವುದು ಇದರಿಂದಲೇ, ತಪ್ಪಿಸಬೇಡಿ. ಒಂದು ಒಣಮೆಣಸಿನಕಾಯಿ, ಒಂದು ಪಲಾವ್ ಎಲೆ, ಸ್ವಲ್ಪ ಥೈಮ್ ಸೇರಿಸಿ. ಕಾಳು, ನಾಲ್ಕು ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಕಾಳು ಮೆತ್ತಗಾಗಬೇಕು, ಒಡೆಯಬಾರದು. ಕುಕ್ಕರ್ ಬೇಡ, ಒಂದು ಸೀಟಿ ಜಾಸ್ತಿಯಾದರೆ ಹುಳಿ ಮಾಡುವ ಹದಕ್ಕೆ ಹೋಗುತ್ತದೆ. ನಲವತ್ತು ನಿಮಿಷದ ನಂತರ ರಸ ಸುಮಾರು ಎರಡು ಕಪ್ ಉಳಿದಿರಬೇಕು, ಕಡಿಮೆ ಇದ್ದರೆ ಬಿಸಿನೀರು ಸೇರಿಸಿ. ಉಪ್ಪು, ತೊಳೆದ ಒಂದು ಕಪ್ ಅಕ್ಕಿ ಹಾಕಿ. ಮುಚ್ಚಿ 20 ನಿಮಿಷ ಬೇಯಿಸಿ, ಹತ್ತು ನಿಮಿಷ ಮುಟ್ಟದೆ ಬಿಡಿ. ಮೇಲೆ ಈರುಳ್ಳಿ ಹೂವು ಹೆಚ್ಚಿ ಉದುರಿಸಿ. ಕೊತ್ತಂಬರಿ ಹಾಕಿದರೂ ಪೊಲೀಸರು ಬರುವುದಿಲ್ಲ.

ಹೆಜ್ಜೆ 7: ಉಡುಗೊರೆ ಮತ್ತು ಕೊನೆಯ ದಿನ

ಜವಾದಿ ಮುಖ್ಯವಾಗಿ ಮಕ್ಕಳಿಗೆ. ಅದರಲ್ಲಿ ಎರಡು ಇರಲೇಬೇಕು. ಒಂದು ಪುಸ್ತಕ, ಇನ್ನೊಂದು ಪರಂಪರೆಯ ನೆನಪಿಗೆ ಏನಾದರೂ ವಸ್ತು. ಪುಸ್ತಕ ಯಾಕೆ ಕಡ್ಡಾಯ? ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ಅದಕ್ಕೆ ಉತ್ತರ ಈ ಪುಸ್ತಕ ಅಂತ ನಾನು ಓದಿಕೊಳ್ಳುತ್ತೇನೆ. ಕೈಯಾರೆ ಮಾಡಿದ ಉಡುಗೊರೆಗೆ ಬೆಲೆ ಜಾಸ್ತಿ. ಸಾಮಾನ್ಯವಾಗಿ ಕರಾಮು ರಾತ್ರಿಯೋ ಕೊನೆಯ ದಿನವೋ ಕೊಡುತ್ತಾರೆ.

ಜನವರಿ 1 ಗದ್ದಲದ ದಿನ ಅಲ್ಲ. ಹೊರಗೆ ಊರೆಲ್ಲಾ ಹೊಸವರ್ಷದ ಅಮಲಿನಲ್ಲಿರುವಾಗ ಇವರು ಮನೆಯಲ್ಲಿ ಮೂರು ಪ್ರಶ್ನೆ ಇಟ್ಟುಕೊಂಡು ಕೂರುತ್ತಾರೆ. ನಾನು ಯಾರು? ನಾನು ಹೇಳಿಕೊಳ್ಳುವ ಹಾಗೆ ನಿಜಕ್ಕೂ ಇದ್ದೇನಾ? ನಾನು ಆಗಬೇಕಾದಷ್ಟು ಆಗಿದ್ದೇನಾ? ಇದನ್ನು ಅತಿಥಿಯ ಮುಂದೆ ಮಾಡುವುದು ಕಡಿಮೆ. ಹಾಗಾಗಿ ಆ ದಿನಕ್ಕೆ ನಿಮ್ಮನ್ನು ಕರೆದರೆ ಮನೆಯವರಲ್ಲಿ ಒಬ್ಬರು ಅಂದುಕೊಂಡಿದ್ದಾರೆ ಅಂತ ತಿಳಿಯಿರಿ.

ಹೊರಗಿನವರು ಗಮನಿಸಬೇಕಾದ್ದು

ಕ್ವಾಂಜಾ ಧಾರ್ಮಿಕ ಹಬ್ಬ ಅಲ್ಲ. ದೇವರಿಲ್ಲ, ಪೂಜೆ ಇಲ್ಲ. ಶುರುವಿನಲ್ಲಿ ಇದು ಕ್ರಿಸ್‌ಮಸ್‌ಗೆ ಬದಲಿ ಅನ್ನುವ ಮಾತಿತ್ತು, ಆಮೇಲೆ ಕರೆಂಗಾ ಅವರೇ ಅದನ್ನು ಬಿಟ್ಟರು. ಇವತ್ತು ಡಿಸೆಂಬರ್ 25ಕ್ಕೆ ಚರ್ಚಿಗೆ ಹೋಗಿ 26ಕ್ಕೆ ಕಿನಾರಾ ಹೊತ್ತಿಸುವವರು ಬೇಕಾದಷ್ಟು ಜನ. ಹಾಗೆಯೇ ಎಲ್ಲಾ ಕಪ್ಪು ಅಮೆರಿಕನ್ನರೂ ಆಚರಿಸುತ್ತಾರೆ ಅಂತ ಭಾವಿಸಬೇಡಿ. ಆಫೀಸಿನಲ್ಲಿ ಬಣ್ಣ ನೋಡಿ "ಹ್ಯಾಪಿ ಕ್ವಾಂಜಾ" ಅನ್ನುವುದು ಮುಜುಗರದ ಕೆಲಸ. ಆಚರಿಸುತ್ತಾರೆ ಅಂತ ಗೊತ್ತಿದ್ದರೆ ಮಾತ್ರ ಹೇಳಿ.

ಸ್ವಾಹಿಲಿಯ ಬಗ್ಗೆಯೂ ತಕರಾರು ಇದೆ. ಅಮೆರಿಕಕ್ಕೆ ಹಿಡಿದು ತಂದವರಲ್ಲಿ ಬಹುಪಾಲು ಜನ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು. ಸ್ವಾಹಿಲಿ ಪೂರ್ವದ ಭಾಷೆ. ಹಾಗಿದ್ದರೆ ಯಾಕೆ? ಯಾವುದೇ ಒಂದು ಬುಡಕಟ್ಟಿಗೆ ಸೇರದ, ಹಲವು ದೇಶಗಳು ಹಂಚಿಕೊಂಡ ಭಾಷೆ ಅಂತ ಆರಿಸಿಕೊಂಡರು. ಅಜ್ಜನ ಭಾಷೆ ಯಾವುದು ಅಂತಲೇ ಗೊತ್ತಿಲ್ಲದವರು ಒಂದನ್ನು ಆರಿಸಿಕೊಳ್ಳಲೇಬೇಕಲ್ವಾ? ಕುಜಿಚಗುಲಿಯಾ ಅಂದರೆ ಅದೇ ತಾನೇ.

ಮನೆಯ ಕರೆ ಇಲ್ಲದವರು ಮ್ಯೂಸಿಯಂಗಳಿಗೆ ಹೋಗಬಹುದು. ನ್ಯೂಯಾರ್ಕಿನ ಅಮೆರಿಕನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಡೆಟ್ರಾಯಿಟ್‌ನ ಚಾರ್ಲ್ಸ್ ರೈಟ್ ಮ್ಯೂಸಿಯಂ ಸಾರ್ವಜನಿಕ ಆಚರಣೆ ನಡೆಸುತ್ತಾ ಬಂದಿವೆ. ಆಫ್ರಿಕನ್ ಬಟ್ಟೆ ಹಾಕಿಕೊಂಡೇ ಹೋಗಬೇಕು ಅಂತೇನೂ ಇಲ್ಲ. ವೇಷ ಹಾಕಿದ ಹಾಗೆ ಕಾಣುವ ಅಪಾಯ ಇದೆ. ನಿಮ್ಮ ಸೀರೆಯೋ ಜುಬ್ಬಾವೋ ಚೆನ್ನಾಗಿಯೇ ಇರುತ್ತದೆ.

ಕರಾಮು ಮುಗಿಯುವ ಮುಂಚೆ ಹಿರಿಯರು ಕೊನೆಯ ಮಾತು ಆಡುತ್ತಾರೆ. ಅದಕ್ಕೆ "ತಂಶಿ ಲಾ ತುತಾಓನಾನಾ" ಅಂತ ಹೆಸರು, ಬೀಳ್ಕೊಡುವ ಮಾತು. ತುತಾಓನಾನಾ ಅಂದರೆ ಮತ್ತೆ ಸಿಗೋಣ. ಚಪ್ಪಲಿ ಹಾಕಿಕೊಳ್ಳುವಾಗ ಅದೊಂದು ಪದ ಹೇಳಿ. ನಮ್ಮಲ್ಲೂ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು ಅಂತ ಅಜ್ಜಿಯರು ಹೇಳಿಕೊಟ್ಟಿದ್ದಾರಲ್ಲ, ಅದನ್ನೇ ಸ್ವಾಹಿಲಿಯಲ್ಲಿ ಹೇಳಿದ ಹಾಗೆ.